ಏಳನೇ ಅಧ್ಯಾಯದ ಉಳಿದರ್ಧ

"ಅಮ್ಮಾ... ಅಪ್ಪ ಬಂದ್ರು! ಅಪ್ಪ ಬಂದ್ರು!"

ಬೀದಿ ಬಾಗಿಲ ಕಡೆಯಿಂದ ಆರು ವರ್ಷದ ತೇಜು ಕೂಗಿದಾಗ ಶಾಂತಲಾ ನ್ಯಾಮತಿಯ ತವರುಮನೆಯ ತಾರಸಿಯ ಮೇಲೆ ಕೂತು ಸಂಡಿಗೆ ಇಡುತ್ತಿದ್ದಳು. ಕೈಯಲ್ಲಿದ್ದ ಸೌಟು ಹಾಗೇ ಪಾತ್ರೆಗೆ ಬಿತ್ತು.

ಬಂದ್ರಾ? ಐದೇ ದಿನಕ್ಕೆ ಬಂದ್ರಾ? ನನ್ನ ಕರೆಯಾಕೆ ಬಂದೇಬಿಟ್ರಾ?

ಈ ಐದು ದಿನದಲ್ಲಿ ಅವಳು ಎಲ್ಲವನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಟ್ಟುಕೊಂಡಿದ್ದಳು. ಗಂಡ ಬಾ ಎನ್ನಬೇಕು. ತಾನು ಬರಲ್ಲ ಎನ್ನಬೇಕು. ಅವನು ಮತ್ತೆ ಬಾ ಎನ್ನಬೇಕು, ತಾನು ಮತ್ತೆ ಬರಲ್ಲ ಎನ್ನಬೇಕು. ಮೂರನೇ ಸಲಕ್ಕೆ ಸ್ವಲ್ಪ ಅತ್ತು ಬ್ಯಾಗು ತುಂಬಿಕೊಳ್ಳಬೇಕು. ಮುನಿಸಿಕೊಂಡು ತವರಿಗೆ ಬಂದ ಹೆಂಗಸರೆಲ್ಲ ಹೀಗೇ ವಾಪಸ್ ಹೋಗಿದ್ದಾರೆ. ಕರೆಯದೆ ತಾನಾಗಿ ಹೋದವಳನ್ನು ಯಾವ ಬೀದಿಯೂ ಆಡಿಕೊಳ್ಳದೆ ಬಿಟ್ಟಿಲ್ಲ.

ಸೀರೆ ಸರಿಮಾಡಿಕೊಂಡು, ಮುಖದ ಮೇಲೆ ಸಿಟ್ಟನ್ನು ಅಚ್ಚುಕಟ್ಟಾಗಿ ತಂದುಕೊಂಡು ಕೆಳಗಿಳಿದಳು.

ಬಾಗಿಲಲ್ಲಿ ಕಲ್ಲೇಶ್ ನಿಂತಿದ್ದ. ಚನ್ನಗಿರಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು. ತೊಳೆದ ಅಂಗಿ ಹಾಕಿದ್ದರೂ ಮೈಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಬೈದುಕೊಂಡೇ ಪ್ರೀತಿಸಿದ ವಾಸನೆ ಅದು. ಕಂಕುಳಲ್ಲಿ ಕಂದು ಬೈಂಡು ಹಾಕಿದ ಪುಸ್ತಕ.

ಆ ಪುಸ್ತಕ!

ಅವನು ಒಂದು ಸಲ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ.

"ಏನಕ್ಕೆ ಬಂದ್ರಿ?" ಶಾಂತಲಾ ಕೇಳಿದಳು.

"ಅದು... ಓದಾಕೆ."

"ಏನು?!"

"ಮಕ್ಕಳ ಕಥೆ ಅರ್ಧಕ್ಕೆ ನಿಂತೈತಲ್ಲ. ಭಾನುವಾರ ಅಂಗಡಿ ರಜಾ. ಒಂದು ಅಧ್ಯಾಯ ಓದಿ ಹೋಗೋಣ ಅಂತ."

ಶಾಂತಲಾಗೆ ಮೈಯೆಲ್ಲ ಉರಿದುಹೋಯಿತು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿಕೊಂಡು ಅಷ್ಟು ದೂರದಿಂದ ಬಂದಿದ್ದು ಕತ್ತೆಯ ಕಥೆ ಓದುವುದಕ್ಕೆ!

ಕಲ್ಲೇಶ್ ಜಗಲಿಯ ಮೇಲೆ ಕೂತ. ಮಕ್ಕಳು ಅವನ ಎರಡೂ ತೊಡೆಗೆ ಅಂಟಿಕೊಂಡರು. ಒಂಬತ್ತು ವರ್ಷದ ಧನ್ವಿ ಪುಟ ನೋಡಿ ಹುಬ್ಬು ಗಂಟಿಕ್ಕಿದಳು.

"ಅಪ್ಪ, ಏಳನೇ ಅಧ್ಯಾಯ ಇನ್ನೂ ಅರ್ಧ ಐತೆ. ನೀವು ಎಂಟು ತೆಗೆದ್ರಿ."

"ಅದು... ಆಮೇಲೆ ಓದಾಣ ಮಗಾ."

ಓದಿದ. ಶಾಂತಲಾಳ ತಾಯಿ ಶಂಕ್ರಮ್ಮ ಅಳಿಯನಿಗೆ ಕಾಫಿ ಕೊಟ್ಟರು. ಕುಡಿದ. "ಬರ್ತೀನಿ ಅತ್ತೆ" ಎಂದ. ಹೋದ!

ಬಾಗಿಲ ಹಿಂದೆ ನಿಂತಿದ್ದ ಶಾಂತಲಾ ತಾರಸಿಗೆ ಹೋಗಿ ಉಳಿದ ಹಿಟ್ಟನ್ನೆಲ್ಲ ಒಂದೇ ಸಂಡಿಗೆ ಇಟ್ಟಳು. ರೊಟ್ಟಿಯಷ್ಟು ದೊಡ್ಡದು. ಒಣಗಲು ನಾಲ್ಕು ದಿನ ಹಿಡಿಯಿತು.

*

ಜಗಳ ಹತ್ತಿದ್ದೂ ಆ ಪುಸ್ತಕದಿಂದಲೇ.

ದಾವಣಗೆರೆಯ ಪುಸ್ತಕ ಮಳಿಗೆಯೊಂದರಲ್ಲಿ ಶಾಂತಲಾ ಕೊಂಡು ತಂದಿದ್ದು. 'ನಿಂಗಿ ಮತ್ತು ಕುಂಟು ಕತ್ತೆ'. ನಿಂಗಿ ಎಂಬ ಪುಟ್ಟ ಹುಡುಗಿ, ರಾಜ ಎಂಬ ಕುಂಟು ಕತ್ತೆ. 'ನಿಮ್ಮವ್ವ ಅಜ್ಜಿ ಊರಿಗೆ ಹೋಗ್ಯಾಳೆ' ಎಂದು ಯಾರೋ ಹೇಳಿದ ಮಾತು ನಂಬಿ, ಅವ್ವನನ್ನು ಹುಡುಕುತ್ತ ಇಬ್ಬರೂ ನಡೆದೇ ಹೊರಡುತ್ತಾರೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಶಾಂತಲಾ ಮಕ್ಕಳಿಗೆ ಸ್ವಲ್ಪ ಸ್ವಲ್ಪ ಓದುತ್ತಿದ್ದಳು. ಮುಂದಿನ ಪುಟ ಯಾರೂ ಕದ್ದು ನೋಡಬಾರದು, ಅಮ್ಮನೂ ನೋಡಬಾರದು ಎಂಬುದು ಮನೆಯ ಕಾನೂನು. ಕಲ್ಲೇಶ್ ಮಾತ್ರ ಹತ್ತಿರ ಕೂರುತ್ತಿರಲಿಲ್ಲ. ಪಡಸಾಲೆಯಲ್ಲಿ ಮೊಬೈಲು ಹಿಡಿದುಕೊಂಡಿರುತ್ತಿದ್ದ.

ಬೇಸಿಗೆ ರಜೆಯ ಹಿಂದಿನ ಸಂಜೆ ಏಳನೇ ಅಧ್ಯಾಯ. ಅವತ್ತು ಕಲ್ಲೇಶನನ್ನು ಸಾಕಿದ ಸೋದರತ್ತೆ ಗಾದ್ರಮ್ಮ ಜಗಳೂರಿನಿಂದ ಬಂದಿದ್ದರು. ಕಥೆಯಲ್ಲಿ ಬಾವಿಯ ಬಳಿ ಒಬ್ಬಳು ಮುದುಕಿ ನಿಂಗಿಗೆ ನಿಜ ಹೇಳುತ್ತಾಳೆ: ನಿಮ್ಮವ್ವ ಅಜ್ಜಿ ಊರಿಗೆ ಹೋಗಿಲ್ಲ ಕಂದಾ, ಅವಳು ಸತ್ತು ವರ್ಷವಾಯಿತು.

ಧನ್ವಿ ಬಿಕ್ಕಿದಳು. ಅಕ್ಕನನ್ನು ನೋಡಿ ತೇಜು ಅತ್ತ. ಓದುತ್ತಿದ್ದ ಶಾಂತಲಾಗೂ ಅಳು ಬಂತು. ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರೆ ಅವಳಿಗೆ ಎಂಥದೋ ಸುಖ...

ಅಷ್ಟರಲ್ಲಿ ಕಲ್ಲೇಶ್ ಒಳಗೆ ನುಗ್ಗಿ ಪುಸ್ತಕ ಕಿತ್ತುಕೊಂಡ!

"ಬುದ್ಧಿ ಐತಾ ನಿಂಗೆ? ಮಕ್ಕಳ ಮುಂದೆ ಓದೋ ಕಥೇನಾ ಇದು? ಮಾಡಾಕೆ ಬ್ಯಾರೆ ಕೆಲಸ ಇಲ್ವಾ?"

ಹನ್ನೊಂದು ವರ್ಷದಲ್ಲಿ ಅವನು ದನಿ ಎತ್ತಿದ್ದು ಅದೇ ಮೊದಲು. ಅದೂ ಗಾದ್ರಮ್ಮನವರ ಮುಂದೆ.

ಹೆಸರು ಶಾಂತಲಾ ಎಂದು ಇಟ್ಟವರಿಗೆ ಈಗಲೂ ನಾಚಿಕೆಯಾಗಬೇಕು. ಮರುದಿನ ಬೆಳಿಗ್ಗೆಯೇ ಮಕ್ಕಳನ್ನು ಎಳೆದುಕೊಂಡು ಹೊರಟಳು. ಬ್ಯಾಗು ಹೊತ್ತುಕೊಂಡು ಚನ್ನಗಿರಿ ಬಸ್ ಸ್ಟ್ಯಾಂಡಿನವರೆಗೂ ಹಿಂದೆ ಬಂದ ಗಂಡನಿಗೆ, ಬಸ್ಸು ಹತ್ತುವ ಮುಂಚೆ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಏನೇನು ಅಂದಳೋ ಆಮೇಲೆ ಅವಳಿಗೇ ನೆನಪಿರಲಿಲ್ಲ. ಸಿಟ್ಟಿನ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

*

ಎರಡನೇ ಭಾನುವಾರವೂ ಅವನು ಬಂದ. ಓದಿದ. ಹೋದ.

ಮೂರನೇ ಭಾನುವಾರ ಹಲಸಿನ ಹಣ್ಣು ತಂದ. ಓದಿದ. ಹೋದ.

ಬಾಗಿಲ ಹಿಂದೆ ನಿಂತು ಕೇಳುವ ಶಾಂತಲಾಗೆ ಹಲ್ಲು ಕಡಿಯುವಂತಾಗುತ್ತಿತ್ತು. ಓದಲು ಬಾರದ ಮನುಷ್ಯ! ಪೂರ್ಣವಿರಾಮದಲ್ಲಿ ನಿಲ್ಲುವುದಿಲ್ಲ. ಕತ್ತೆಗೂ ಅಜ್ಜಿಗೂ ಒಂದೇ ದನಿ. ತಂತಿಯ ಸುತ್ತು ಎಣಿಸುವವನ ಹಾಗೆ ಒಂದೇ ಸಮ ಹೋಗುತ್ತಾನೆ. ಅಂಗಡಿಯಲ್ಲಿ ಸುತ್ತು ಎಣಿಸುವಾಗ ಅವನನ್ನು ಯಾರೂ ಮಾತಾಡಿಸಬಾರದು, ಒಂದು ಸುತ್ತು ತಪ್ಪಿದರೂ ಮೋಟಾರು ಕೆಡುತ್ತದೆ. ಇಲ್ಲೂ ಹಾಗೇ... ಎಣಿಸಿ ಮುಗಿಸಿ, ಎದ್ದು ಹೋಗುತ್ತಾನೆ!

ಒಂದು ಸಲ... ಒಂದೇ ಒಂದು ಸಲ ಬಾ ಅಂದ್ರೆ ಇವರ ಗಂಟು ಏನು ಹೋಗ್ತೈತೆ?

ಬೀದಿಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. "ರಜಾಕ್ಕೆ ಮಗಳು ಬಂದಾಳೆ, ಅಳಿಯಂದ್ರು ವಾರ ವಾರ ನೋಡಾಕೆ ಬರ್ತಾರೆ. ಏನು ಪ್ರೀತಿ ಕಣಮ್ಮ ನಿಂದು!" ಎಂದು ಪಕ್ಕದ ಮನೆಯ ಕಸ್ತೂರಮ್ಮ ಗಲ್ಲ ಹಿಂಡಿದಾಗ ಶಾಂತಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಪ್ಪ ಬೆನಕಪ್ಪ ಮೊದಮೊದಲು ತಮಾಷೆ ಮಾಡುತ್ತಿದ್ದರು. "ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ಮೇಲೆ ಮುನಿಸ್ಕೊಳ್ಳಾಕೂ ಖರ್ಚಿಲ್ಲ ನೋಡು!" ಮೇ ತಿಂಗಳು ಬಂದಾಗ ತಮಾಷೆ ನಿಂತಿತು.

"ಇಪ್ಪತ್ತೊಂಬತ್ತಕ್ಕೆ ಶಾಲೆ ಶುರು ಆಗ್ತೈತೆ ಮಗಳೇ. ಹೋಗೋದಾದ್ರೆ ಹೋಗು. ಇಲ್ಲಾಂದ್ರೆ ಚನ್ನಗಿರಿಗೆ ಹೋಗಿ ಮಕ್ಕಳ ಟೀಸಿ ತರ್ತೀನಿ, ಇಲ್ಲೇ ಸೇರಿಸಾಣ. ಮಕ್ಕಳ ಓದು ಕೆಡಬಾರದು."

ಟೀಸಿ! ಮಕ್ಕಳ ಹೆಸರು ಇಲ್ಲಿನ ಶಾಲೆಗೆ ಬಂದರೆ ಮುಗಿಯಿತು. ಆಮೇಲೆ ಇದು ಮುನಿಸಲ್ಲ.

"ಅವರು ಕರೀಲಿ ಅಪ್ಪ, ಹೋಗ್ತೀನಿ. ಕರೀದೇ ಹೆಂಗೆ ಹೋಗ್ಲಿ? ನನಗೇನು ಮಾನ ಇಲ್ವಾ?"

ಐದನೇ ಭಾನುವಾರ ನಿಂಗಿ ಅಜ್ಜಿಯ ಊರು ಮುಟ್ಟಿದಳು. ಅಜ್ಜಿ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡಳು, ರಾಜನಿಗೆ ಹುಲ್ಲು ಹಾಕಿದಳು. ಬಾಗಿಲ ಹಿಂದೆ ಕಣ್ಣೊರೆಸಿಕೊಂಡ ಶಾಂತಲಾ ಅಂದುಕೊಂಡಳು: ಕಥೆ ಮುಗೀತು. ಇವತ್ತು ಏನಾದರೂ ಹೇಳಿಯೇ ಹೇಳ್ತಾರೆ...

"ಮುಂದಿನ ವಾರ ಹದಿಮೂರನೇ ಅಧ್ಯಾಯ," ಎಂದು ಕಲ್ಲೇಶ್ ಎದ್ದ.

ಮುಗಿಯಲ್ವಾ ಈ ದರಿದ್ರ ಪುಸ್ತಕ?!

ಆರನೇ ಭಾನುವಾರ ಕಥೆಯ ದಾರಿಯೇ ತಪ್ಪಿತ್ತು. ಅಜ್ಜಿ ಮನೆಯಲ್ಲಿ ಸುಖವಾಗಿದ್ದ ನಿಂಗಿ ಇದ್ದಕ್ಕಿದ್ದಂತೆ ರಾಜನನ್ನು ಹೊಡೆದುಕೊಂಡು ಬಸ್ಸು ಹತ್ತಿ ಜಗಳೂರಿಗೆ ಹೊರಟುಬಿಟ್ಟಳು.

"ಅಪ್ಪ, ಕಥೆಯಾಗೆ ನಮ್ಮ ಗಾದ್ರಮ್ಮಜ್ಜಿ ಊರು ಯಾಕೆ ಬಂತು?" ಎಂದಳು ಧನ್ವಿ.

"ಬರೆದೋರು ಹಂಗೆ ಬರೆದಾರೆ. ನಾನೇನು ಮಾಡ್ಲಿ?"

"ಕತ್ತೆ ಬಸ್ಸು ಹತ್ತುತ್ತಾ?"

"ಕುಂಟು ಕತ್ತೆ ಅಲ್ವಾ... ಹತ್ತಿಸ್ಕೊಂಡ್ರು."

*

ಏಳನೇ ಭಾನುವಾರ. ಶಾಲೆ ಶುರುವಾಗಲು ಮೂರೇ ದಿನ. ಟೀಸಿ ತರಲು ಅಪ್ಪ ಸೋಮವಾರ ಚನ್ನಗಿರಿಗೆ ಹೊರಡುವವರಿದ್ದರು. ಶಾಂತಲಾ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ಬಾಗಿಲ ಹಿಂದೆ ಗೋಡೆಗೆ ತಲೆಯಾನಿಸಿ ನಿಂತಳು.

ಕಲ್ಲೇಶ್ ಪುಸ್ತಕವನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದು ಓದಲು ಶುರುಮಾಡಿದ.

"ಅಧ್ಯಾಯ ಹದಿನಾಲ್ಕು. ನಿಂಗಿ ಚನ್ನಗಿರಿಗೆ ಬಂದಳು. ಅಲ್ಲಿ ಒಬ್ಬ ಮೋಟಾರು ರಿಪೇರಿಯವನು ಇದ್ದ. ಅವನು ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಎಲ್ಲಿ ಸುಟ್ಟಿದೆ ಎಂದು ಹೇಳುತ್ತಿದ್ದ. ಆದರೆ ಅವನ ಮನೆಯಲ್ಲಿ ಏನು ಸುಟ್ಟಿತು ಎಂದು ಅವನಿಗೆ ಗೊತ್ತಾಗಲಿಲ್ಲ. ಅವನ ಮನೆಯಲ್ಲಿ ಒಗ್ಗರಣೆ ಸದ್ದು ಇರಲಿಲ್ಲ. ಎರಡು ಜೊತೆ ಸಣ್ಣ ಚಪ್ಪಲಿ ಬಾಗಿಲಲ್ಲಿ ಹಾಗೇ ಇದ್ದವು. ಅವನು ದಿನಾ ಅವನ್ನು ಒರೆಸಿ ಇಡುತ್ತಿದ್ದ..."

ಶಾಂತಲಾ ತಲೆ ಎತ್ತಿದಳು. ಯಾವ ಪುಸ್ತಕದಲ್ಲಿ ಬರೆದಿದ್ದಾರೆ ಇದನ್ನ?

ಆಗಲೇ ಹಿತ್ತಲಿಂದ ಬೆನಕಪ್ಪ ಕೂಗಿದರು. "ಅಳಿಯಂದ್ರೇ, ಸಂಪಿನ ಮೋಟಾರ್ ಬರೀ ಸದ್ದು ಮಾಡ್ತೈತೆ, ನೀರು ಮೇಲೆ ಹತ್ತಿಲ್ಲ. ಸ್ವಲ್ಪ ನೋಡ್ರಿ!"

ಕೆಟ್ಟ ಮೋಟಾರಿನ ಮಾತು ಕೇಳಿ ಕಲ್ಲೇಶ್ ಕೂತಿದ್ದ ದಿನವೇ ಇಲ್ಲ. ಪುಸ್ತಕವನ್ನು ಜಗಲಿಯ ಮೇಲೆ ಬೋರಲು ಹಾಕಿ ಹಿತ್ತಲಿಗೆ ಹೋದ.

ಹೊಸದಾಗಿ ಓದಲು ಕಲಿತ ತೇಜುಗೆ ಕಂಡದ್ದನ್ನೆಲ್ಲ ಓದುವ ಹುಚ್ಚು. ಪುಸ್ತಕ ಎತ್ತಿ ಕೊನೆಯ ಪುಟ ತೆಗೆದ.

"ಮು... ಗಿ... ಯಿ... ತು. ಅಮ್ಮಾ, ಇಲ್ಲಿ ಮುಗಿಯಿತು ಅಂತ ಐತೆ! ಅಜ್ಜಿ ರಾಜಂಗೆ ಹುಲ್ಲು ಹಾಕಿದ್ಲಲ್ಲ, ಅಲ್ಲೇ ಮುಗಿದೈತೆ!"

ಶಾಂತಲಾ ಒಂದೇ ಹೆಜ್ಜೆಗೆ ಜಗಲಿಗೆ ಬಂದು ಪುಸ್ತಕ ತೆಗೆದುಕೊಂಡಳು. ಹನ್ನೆರಡೇ ಅಧ್ಯಾಯ! ಎರಡು ವಾರದ ಹಿಂದೆಯೇ ಮುಗಿದ ಪುಸ್ತಕ!

ಹಿಂಬದಿಯ ರಟ್ಟಿನ ಒಳಗಿಂದ ನಾಲ್ಕಾರು ಹಳದಿ ಹಾಳೆ ಜಾರಿ ಬಿದ್ದವು. ಮೋಟಾರಿನೊಳಗೆ ತಂತಿಯ ಅಡಿಗೆ ಹಾಸುವ ದಪ್ಪ ಕಾಗದ. ಘಮ್ಮೆಂದು ವಾರ್ನಿಷ್ ವಾಸನೆ. ಹಾಳೆಯ ತುಂಬ ಕಲ್ಲೇಶನ ಸೊಟ್ಟ ಅಕ್ಷರ. ಹೊಡೆದು ಹಾಕಿ, ತಿದ್ದಿ, ಮತ್ತೆ ಬರೆದ ಸಾಲುಗಳು.

ಕೊನೆಯ ಹಾಳೆಯ ಅಡಿಯಲ್ಲಿ ಒಂದು ಸಾಲನ್ನು ಮೂರು ಸಲ ಬರೆದು ಮೂರು ಸಲವೂ ಅಡ್ಡಗೆರೆ ಎಳೆದಿದ್ದ. ಗೆರೆಯ ಕೆಳಗೂ ಓದಬಹುದಿತ್ತು.

'ಶಾಂತಲಾ, ಮನೆಗೆ ಬಾ.'

ಅವಳಿಗೆ ಅಳು ಬಂತು... ಅಳುವಿಗಿಂತ ಮೊದಲು ಸಿಟ್ಟು ಬಂತು!

*

ಹಿತ್ತಲಲ್ಲಿ ಕಲ್ಲೇಶ್ ಸಂಪಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಮಗಳ ಮುಖ ನೋಡಿದ್ದೇ ಬೆನಕಪ್ಪ ಏನೋ ನೆಪ ಹೇಳಿ ಒಳಗೆ ಜಾರಿಕೊಂಡರು.

"ಏನ್ರೀ ಇದು?"

ಹಳದಿ ಹಾಳೆ ನೋಡಿ ಕಲ್ಲೇಶನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಸಂಪಿಗೆ ಬಿತ್ತು.

"ಅದು... ಹದಿಮೂರು, ಹದಿನಾಲ್ಕು."

"ಪುಸ್ತಕ ಹನ್ನೆರಡಕ್ಕೇ ಮುಗಿದೈತೆ!"

"ಹೂಂ."

"ಹೂಂ ಅಂದ್ರೆ ಏನ್ರೀ?"

"ಮುಗೀತು ಅಂದ್ರೆ... ಮುಂದಿನ ಭಾನುವಾರ ಏನಂತ ಹೇಳಿ ಬರ್ಲಿ?"

ಶಾಂತಲಾಳ ಏಳು ವಾರದ ಕಟ್ಟೆ ಒಡೆಯಿತು. "ಕತ್ತೇನ ಬಸ್ ಹತ್ತಿಸಾಕೆ ಬರ್ತೈತೆ ನಿಮಗೆ! ಹೆಂಡ್ತಿಗೆ ಬಾ ಅನ್ನಾಕೆ ಬರಲ್ವಾ? ಏಳು ವಾರ ಬಾಗಿಲ ಹಿಂದೆ ನಿಂತು ನನ್ನ ಕಾಲು ಬಿದ್ದೋದ್ವು. ನಾಳೆ ಅಪ್ಪ ಟೀಸಿ ತರಾಕೆ ಹೊಂಟಾರೆ, ಗೊತ್ತಾ? ಒಂದು ಮಾತು! ಬರೆದು ಬರೆದು ಹೊಡೆದು ಹಾಕೀರಲ್ಲ, ಆ ಒಂದು ಮಾತು ಬಾಯಿಂದ ಯಾಕೆ ಬರಲಿಲ್ಲ?"

"ನೀನೇ ಆಣೆ ಇಟ್ಟಿದ್ದೆ."

"ನಾನಾ? ಯಾವಾಗ?"

"ಬಸ್ ಸ್ಟ್ಯಾಂಡ್‌ನಾಗೆ. ಇಬ್ಬರ ತಲೆ ಮೇಲೂ ಕೈ ಇಟ್ಟು ಅಂದೆ. 'ಈ ಮಕ್ಕಳ ಮೇಲಾಣೆ, ನನ್ನ ಕರೆಯಾಕೆ ಬರಬ್ಯಾಡ್ರಿ' ಅಂತ."

ಶಾಂತಲಾಗೆ ನೆನಪಾಯಿತು. ಬಸ್ಸಿನ ಹಾರನ್ನು, ಬಿಸಿಲು, ಅಂಗೈ ಕೆಳಗೆ ಧನ್ವಿಯ ಎರಡು ಜಡೆ... ಅಂದಿದ್ದಳು. ಹೌದು, ಅಂದಿದ್ದಳು!

"ಅಯ್ಯೋ ಶಿವನೇ... ಸಿಟ್ಟಿನಾಗೆ ನೂರು ಅಂತೀವಿ ರೀ! ಅದನ್ನೆಲ್ಲ ಹಿಡ್ಕೊಂಡು ಕೂರ್ತಾರಾ?"

"ಮಕ್ಕಳ ಮೇಲಿನ ಆಣೆ ಹೆಂಗೆ ಮೀರ್ಲಿ? ಎರಡನೇ ವಾರ ತೇಜೂಗೆ ಜ್ವರ ಬಂದಿತ್ತಲ್ಲ, ನಾನೆಲ್ಲಾದ್ರೂ ಬಾಯಿ ತಪ್ಪಿ ನಿನ್ನ ಕರೆದ್ನಾ ಅಂತ ಇಡೀ ದಿನ ಯೋಚನೆ ಮಾಡ್ತಾ ಕೂತಿದ್ದೆ." ಅವನು ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಕರೆಯಾಕೆ ಬರಬ್ಯಾಡ ಅಂದಿದ್ದೆ. ಓದಾಕೆ ಬರಬ್ಯಾಡ ಅಂದಿರಲಿಲ್ಲ. ಅದಕ್ಕೇ ಬಂದೆ."

ಶಾಂತಲಾ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಏಳು ವಾರ! ಅವಳದೇ ಒಂದು ಮಾತಿಗೆ ಇಬ್ಬರೂ ಏಳು ವಾರ ಸುಟ್ಟುಕೊಂಡಿದ್ದರು.

"ಅವತ್ತು ಪುಸ್ತಕ ಯಾಕೆ ಕಿತ್ಕೊಂಡ್ರಿ?" ಈಗ ಅವಳ ದನಿ ಇಳಿದಿತ್ತು. "ನಾನು ಮಾಡಿದ್ದೇನು ತಪ್ಪು?"

ಕಲ್ಲೇಶ್ ಬಿಚ್ಚಿಟ್ಟಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದ.

"ನನ್ನವ್ವ ಸತ್ತಾಗ ನಂಗೆ ಏಳು ವರ್ಷ. ಅದು ನಿಂಗೆ ಗೊತ್ತು. ನಂಗೆ ಯಾರೂ ಹೇಳಿರಲಿಲ್ಲ ಅನ್ನೋದು ಗೊತ್ತಿಲ್ಲ. ನಿಮ್ಮವ್ವ ತವರಿಗೆ ಹೋಗ್ಯಾಳೆ, ಬರ್ತಾಳೆ ಅಂದ್ರು. ನಾನು ದಿನಾ ಸಂಜೆ ಬಸ್ ಸ್ಟ್ಯಾಂಡ್‌ಗೆ ಹೋಗಿ ಕೂರ್ತಿದ್ದೆ. ಆರು ತಿಂಗಳು ಕೂತೆ... ಆಮೇಲೆ ಗಾದ್ರಮ್ಮತ್ತೆ ಬಂದು, ತಬ್ಕೊಂಡು ನಿಜ ಹೇಳಿದ್ರು."

"ರೀ..."

"ಪಡಸಾಲೆಯಾಗೆ ಕೂತು ದಿನಾ ಕೇಳ್ತಿದ್ದೆ ನಾನೂ. ಆ ಹುಡುಗಿಗೆ ಅವ್ವ ಸಿಗ್ತಾಳೆ ಅಂದ್ಕೊಂಡಿದ್ದೆ. ಅವತ್ತು ನೀನು ಬಾವಿ ಹತ್ರದ ಮಾತು ಓದಿದ್ಯಲ್ಲ... ಆಗಲಿಲ್ಲ ನನ್ನ ಕೈಲಿ. ಬೈದದ್ದು ಯಾರಿಗೋ. ಬೈಸ್ಕೊಂಡೋಳು ನೀನು. ತಪ್ಪಾಯ್ತು ಶಾಂತಲಾ."

ಅವನು ಮೋಟಾರಿನ ಕಡೆ ತಿರುಗಿಕೊಂಡು ಹೇಳಿದ. "ತವರಿಗೆ ಹೋದೋರು ತಿರುಗಿ ಬರಲ್ಲ ಅಂತ ನಂಗೆ ಏಳು ವರ್ಷಕ್ಕೇ ಗೊತ್ತಾಗೈತೆ. ಅದಕ್ಕೇ ನಾನೇ ವಾರ ವಾರ ಬಂದು ನೋಡ್ತಿದ್ದೆ. ಇದೀಯಲ್ಲ ಅಂತ."

ಇಷ್ಟು ವರ್ಷ ಜೊತೆಗಿದ್ದೂ ಈ ಹುಡುಗನನ್ನು ಅವಳು ನೋಡಿರಲಿಲ್ಲ. ಶಾಂತಲಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು ನಿಂತು ಕೂಗಿದಳು.

"ಧನ್ವೀ! ತೇಜೂ! ಇಬ್ಬರೂ ಬರ್ರಿ ಇಲ್ಲಿ!"

ಮಕ್ಕಳು ಓಡಿ ಬಂದರು. ಅವರ ತಲೆಯ ಮೇಲೆ ಎರಡೂ ಕೈ ಇಟ್ಟಳು.

"ಇಟ್ಟ ಆಣೆ ನಾನೇ ವಾಪಸ್ ತಗೊಂಡೆ. ದೇವರು, ನೆಲ, ಈ ಸಂಪಿನ ನೀರು, ಎಲ್ಲ ಕೇಳಿಸ್ಕೊಳ್ಲಿ!" ಗಂಡನತ್ತ ತಿರುಗಿದಳು. "ಹೂಂ. ಈಗ ಹೇಳ್ರಿ."

ಕಲ್ಲೇಶ್ ಎದ್ದು ನಿಂತ. ಮದುವೆಯ ದಿನವೂ ಅವನು ಇಷ್ಟು ಬೆವರಿರಲಿಲ್ಲ.

"ಶಾಂತಲಾ... ಬಾ. ಮನೆಗೆ ಹೋಗಾಣ."

ಮೊದಲ ಸಲಕ್ಕೆ ಬರಲ್ಲ ಎನ್ನಬೇಕು, ಎರಡನೇ ಸಲಕ್ಕೂ ಬರಲ್ಲ ಎನ್ನಬೇಕು... ಎಲ್ಲವೂ ಅವಳಿಗೆ ನೆನಪಿತ್ತು. ತಮಾಷೆಗಾದರೂ ಒಂದು ಸಲ ಎಂದುಬಿಡೋಣ ಎಂದು ನಾಲಿಗೆ ಮೇಲೆ ಬಂದಿತ್ತು. ಆದರೆ ಎದುರಿಗೆ ನಿಂತವನ ಕಣ್ಣಿನಲ್ಲಿ, ಬರುವ ಒಂದೊಂದು ಬಸ್ಸನ್ನೂ ನೋಡುತ್ತ ಕೂತ ಏಳು ವರ್ಷದ ಮಗುವಿತ್ತು. ಅದಕ್ಕೆ ಬರಲ್ಲ ಎಂದು ಹೇಗೆ ಹೇಳುವುದು?

"ಬಂದೆ ರೀ," ಎಂದಳು. "ನಡೀರಿ."

*

ಸಂಜೆಯ ಬಸ್ಸಿನಲ್ಲಿ ತೇಜು ಅಪ್ಪನ ತೊಡೆಯ ಮೇಲೆ, ಧನ್ವಿ ಕಿಟಕಿಯ ಪಕ್ಕ. ರೊಟ್ಟಿಯಷ್ಟು ದೊಡ್ಡ ಆ ಸಂಡಿಗೆಯನ್ನೂ ಶಂಕ್ರಮ್ಮ ಬಿಡದೆ ಕಟ್ಟಿಕೊಟ್ಟಿದ್ದರು. ಹೊನ್ನಾಳಿಯ ಸೇತುವೆ ದಾಟುವಾಗ ಧನ್ವಿ ಕೇಳಿದಳು.

"ಅಪ್ಪ, ಹದಿನೈದನೇ ಅಧ್ಯಾಯ ಯಾವಾಗ?"

"ಅದು ಇಲ್ಲ ಮಗಾ. ಕಥೆ ಮುಗೀತು."

ಅವನು ಪುಸ್ತಕವನ್ನು ಶಾಂತಲಾಳ ಮಡಿಲಲ್ಲಿಟ್ಟ. ಅವಳಿಗಷ್ಟೇ ಕೇಳುವಂತೆ ಹೇಳಿದ.

"ಏಳನೇ ಅಧ್ಯಾಯ ಇನ್ನೂ ಅರ್ಧ ಉಳಿದೈತೆ. ಎರಡು ಮೂರು ಸಲ ತೆಗೆದೆ. ಓದಾಕೆ ಆಗಲಿಲ್ಲ. ನೀನು ಓದ್ತೀಯಾ?"

"ಓದ್ತೀನಿ. ಆದ್ರೆ ಪಡಸಾಲೆಯಾಗೆ ಮೊಬೈಲ್ ಹಿಡ್ಕೊಂಡು ಕೂರಂಗಿಲ್ಲ. ನಮ್ಮ ಪಕ್ಕಾನೇ ಕೂತು ಕೇಳಬೇಕು."

"ಅಳು ಬಂದ್ರೆ?"

ಶಾಂತಲಾ ಅವನ ಗ್ರೀಸು ಹತ್ತಿದ ಬೆರಳುಗಳನ್ನು ತನ್ನ ಸೆರಗಿನ ಒಳಗೆ ತೆಗೆದುಕೊಂಡಳು.

"ಬರ್ಲಿ ಬಿಡ್ರಿ. ನಾವು ಮೂವರು ಇರ್ತೀವಲ್ಲ."